ಹತ್ತಿರ ಬಂದು ನೋಡಿದವನು

ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಯಿಂದ ಪೆಟ್ಟು ತಿಂದು ಬಿದ್ದಿದ್ದ ಮನುಷ್ಯನ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ಯಾಜಕನೂ ಲೇವಿಯನೂ ಅವನನ್ನು ಕಾಣದೆ ಹೋದವರಲ್ಲ. ಕಂಡೇ ಓರೆಯಾಗಿ ಹೋದರು. ಸಮಾರ್ಯದವನಾದರೋ ಹತ್ತಿರ ಬಂದನು. ಗಾಯ ಎಲ್ಲಿದೆಯೆಂದು ತಿಳಿದ ಮೇಲಲ್ಲವೇ ಅವನ ಎಣ್ಣೆಯೂ ದ್ರಾಕ್ಷಾರಸವೂ ಉಪಯೋಗಕ್ಕೆ ಬಂದದ್ದು? ಮೊದಲು ನೋಟ, ಆಮೇಲೆ ಶುಶ್ರೂಷೆ. ದಾದಿಯರಿಗೆ ಇಂದಿಗೂ ಕಲಿಸುವ ಕ್ರಮವು ಇದೇ. ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು 1859ರಲ್ಲಿ ಶುಶ್ರೂಷೆಯನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ, ರೋಗಿಯನ್ನು ಗಮನಿಸುವ ವಿಷಯಕ್ಕೆ ಒಂದು ಅಧ್ಯಾಯವನ್ನೇ ಇಟ್ಟರು.

ನಮ್ಮ ತಪ್ಪನ್ನು ಇಲ್ಲಿ ಮರೆಮಾಡಲಾರೆವು. ಲಕ್ವ ಹೊಡೆದು ಮಲಗಿದ್ದ ಹಿರಿಯರೊಬ್ಬರ ಮನೆಗೆ ಮೂರು ಭಾನುವಾರ ಹೋಗಿ, ಕಣ್ಣು ಮುಚ್ಚಿ ಪ್ರಾರ್ಥಿಸಿ, ಕೊಟ್ಟ ಕಾಫಿಯನ್ನು ಕುಡಿದು ಬಂದೆವು. ಅವರ ಬೆನ್ನನ್ನು ಒಮ್ಮೆಯಾದರೂ ನೋಡಲಿಲ್ಲ. ನಾಲ್ಕನೆಯ ಸಾರಿ ಕೋಣೆಯಲ್ಲಿ ದುರ್ವಾಸನೆಯಿತ್ತು. ಹೊರಳಿಸಿ ನೋಡಿದರೆ ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು!

ಎಲುಬಿಗೂ ಹಾಸಿಗೆಗೂ ನಡುವೆ ಚರ್ಮವು ಒತ್ತಲ್ಪಟ್ಟು ರಕ್ತಸಂಚಾರ ನಿಂತುಹೋಗುವದರಿಂದ ಇಂಥ ಹುಣ್ಣು ಹುಟ್ಟುತ್ತದೆ. ಆದದರಿಂದ ತಾನಾಗಿ ಹೊರಳಲಾರದವನನ್ನು ಸಾಧಾರಣವಾಗಿ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಮಲಗಿಸಬೇಕು. ಹಿಮ್ಮಡಿಯು ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಬೇಕು. ಬಿಳಿ ಚರ್ಮದವರಲ್ಲಿ ಮೊದಲು ಕೆಂಪು ಕಲೆ ಕಾಣುವದು. ನಮ್ಮ ಕಪ್ಪು ಮೈಯಲ್ಲಿ ಅದು ಕಾಣದೆ ಇರಬಹುದು. ಮುಟ್ಟಿ ನೋಡಿರಿ, ಸುತ್ತಲಿನ ಮೈಗಿಂತ ಅಲ್ಲಿ ಬಿಸಿಯಾಗಿದೆಯೋ, ಗಟ್ಟಿಯಾಗಿದೆಯೋ? ಹಾಗಿದ್ದರೆ ಆ ಭಾಗದ ಮೇಲೆ ಭಾರ ಬೀಳಗೊಡಬೇಡಿರಿ, ಎಣ್ಣೆ ಹಚ್ಚಿ ತಿಕ್ಕಲೂ ಬೇಡಿರಿ.

ಇನ್ನೊಂದು ಮಾತು. ಲಕ್ವ ಹೊಡೆದೊಡನೆ ನೆರೆಯವರು ಓಡಿಬಂದು ಬಾಯಿಗೆ ನೀರು ಹಾಕುವದುಂಟು. ಪ್ರೀತಿಯಿಂದಲೇ ಹಾಕುತ್ತಾರೆ, ಆದರೆ ನುಂಗುವ ಶಕ್ತಿ ಕುಂದಿದವನಿಗೆ ಆ ನೀರು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯವಾದೀತು. ಮುಖ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಬಾಯಿಗೆ ಏನನ್ನೂ ಕೊಡದೆ, ಗಂಟೆ ಎಷ್ಟೆಂದು ನೋಡಿಕೊಂಡು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ರಕ್ತದ ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾದದರಿಂದ, ಆರಂಭವಾದ ಹೊತ್ತನ್ನು ವೈದ್ಯರು ಮೊದಲಾಗಿ ಕೇಳುವರು.

ಜ್ವರವೂ ಕೆಮ್ಮೂ ಇರುವವರ ಉಸಿರನ್ನು ಪೂರಾ ಒಂದು ನಿಮಿಷ ಎಣಿಸಿರಿ. ಸುಮ್ಮನೆ ಮಲಗಿರುವ ದೊಡ್ಡವರಲ್ಲಿ ಅದು 12ರಿಂದ 20ರ ವರೆಗೆ ಇರುತ್ತದೆ. 25 ಮುಟ್ಟಿದರೆ ಬೆಳಗಾಗಲೆಂದು ಕಾಯಬಾರದು. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ತಣ್ಣನೆ ಬೆವತು ನಡುಗಿದರೆ, ಎಚ್ಚರವಿದ್ದು ನುಂಗಬಲ್ಲವರಾದರೆ ಮಾತ್ರ, ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೊಡಿರಿ.

ಆ ಹಿರಿಯರ ಹುಣ್ಣನ್ನು ಆರೋಗ್ಯ ಕೇಂದ್ರದ ದಾದಿಯು ಬಂದು ತೊಳೆದು ಕಟ್ಟುತ್ತಿದ್ದರು. ಸೊಸೆಯು ಇದ್ದಲಿನಿಂದ ಗೋಡೆಯ ಮೇಲೆ ಎಡ, ಬಲ ಎಂದು ಹೊತ್ತು ಸಹಿತ ಬರೆದಿಟ್ಟಳು. ರಾತ್ರಿಯ ಸರದಿಯನ್ನು ಸಭೆಯ ನಾಲ್ವರು ಗಂಡಸರು ಹಂಚಿಕೊಂಡರು. ಎರಡು ಗಂಟೆಯ ಸರದಿ ನಮ್ಮ ಪಾಲಿಗೆ ಬಂತು. ಹುಣ್ಣು ಮಾಯುವದಕ್ಕೆ ಐದು ತಿಂಗಳು ಹಿಡಿಯಿತು.