ಇಂದಿನ ಧಮ್ಮ ಚಿಂತನೆ: ಕೊಟ್ಟದ್ದೋ, ತೆಗೆದುಕೊಂಡದ್ದೋ?



ಧಮ್ಮ ಬಂಧುಗಳೇ, ಪಂಚಶೀಲದ ಎರಡನೇ ಶೀಲ ಎಂದರೆ ಕಳ್ಳತನ ಮಾಡದಿರುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಪಾಲಿಯ ‘ಅದಿನ್ನಾದಾನ’ದ ಅರ್ಥ ಇನ್ನೂ ವಿಶಾಲ: ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು. ಆಸ್ಪತ್ರೆಯಲ್ಲಿ ಪಡೆಯುವ ಸಹಿಗೂ ಈ ಶೀಲ ಅನ್ವಯಿಸುತ್ತದೆ ಎಂದು ನನಗನ್ನಿಸುತ್ತದೆ.

ಕ್ಯಾನ್ಸರ್ ಮುಂದುವರಿದು, ಇರುವ ಔಷಧಗಳು ಕೆಲಸ ಮಾಡದಿದ್ದಾಗ ಕೆಲವರನ್ನು ಹೊಸ ಔಷಧದ ಮೊದಲ ಹಂತದ ಪ್ರಯೋಗಕ್ಕೆ ಕರೆಯುತ್ತಾರೆ. ಅಲ್ಲಿನ ಮುಖ್ಯ ಪ್ರಶ್ನೆ ‘ವಾಸಿಯಾಗುತ್ತದೆಯೇ’ ಎಂಬುದಲ್ಲ. ‘ದೇಹ ಎಷ್ಟು ಡೋಸ್ ತಡೆದುಕೊಳ್ಳುತ್ತದೆ’ ಎಂಬುದು. ಅನೇಕ ಪ್ರಯೋಗಗಳಲ್ಲಿ ಮೊದಲು ಮೂವರಿಗೆ ಕಡಿಮೆ ಡೋಸ್ ಕೊಡುತ್ತಾರೆ. ತೀವ್ರ ತೊಂದರೆ ಕಾಣದಿದ್ದರೆ ಮುಂದಿನ ಮೂವರಿಗೆ ಹೆಚ್ಚಿನದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1991ರಿಂದ 2002ರವರೆಗೆ ನಡೆಸಿದ ಇಂಥ 460 ಪ್ರಯೋಗಗಳಲ್ಲಿ 11,935 ಜನ ಭಾಗವಹಿಸಿದ್ದರು. ಗೆಡ್ಡೆ ಕುಗ್ಗಿದ್ದು ನೂರಕ್ಕೆ ಸುಮಾರು 11 ಜನರಲ್ಲಿ. ಔಷಧದ ದುಷ್ಪರಿಣಾಮದಿಂದಲೇ ಸತ್ತವರು ಇನ್ನೂರಕ್ಕೆ ಸುಮಾರು ಒಬ್ಬರು. ಗೆಡ್ಡೆ ಕುಗ್ಗಿದ ಮಾತ್ರಕ್ಕೆ ರೋಗ ವಾಸಿಯಾಯಿತು ಎಂದೂ ಅಲ್ಲ.

ಹಾಗಾದರೆ ರೋಗಿ ಕೊಡುವುದೇನು? ಮುಂದೆ ಬರುವ ರೋಗಿಗಳಿಗಾಗಿ ತನ್ನ ದೇಹವನ್ನು, ಉಳಿದಿರುವ ದಿನಗಳನ್ನು. ತಿಳಿದು ಕೊಟ್ಟರೆ ಅದು ದೊಡ್ಡ ದಾನ. ‘ನನಗೂ ಗುಣವಾಗಲಿ’ ಎಂಬ ಆಸೆ ಒಳಗಿದ್ದರೂ ಆ ದಾನ ಕೆಡುವುದಿಲ್ಲ. ಸಾವಿನ ಹತ್ತಿರ ಇರುವವರಿಗೆ ಆಸೆ ಬಿಡಿ ಎಂದು ಉಪದೇಶ ಮಾಡಲು ನಾವು ಯಾರು? ಆದರೆ ಆ ಆಸೆಯನ್ನೇ ಬಳಸಿಕೊಂಡು, ಇದು ಚಿಕಿತ್ಸೆ ಎಂದು ನಂಬಿಸಿ ಸಹಿ ಪಡೆದರೆ, ಅಲ್ಲಿ ರೋಗಿ ಕೊಟ್ಟಿಲ್ಲ, ಬೇರೆಯವರು ತೆಗೆದುಕೊಂಡಿದ್ದಾರೆ.

ನಮ್ಮ ಜನರಿಗೆ ಇದು ದೂರದ ಮಾತಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ಖಮ್ಮಂ ಜಿಲ್ಲೆಯಲ್ಲಿ ನಡೆದಾಗ, ಅನೇಕ ಬಡ ಹೆಣ್ಣುಮಕ್ಕಳ ಒಪ್ಪಿಗೆ ಪತ್ರಗಳಿಗೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಅವರಲ್ಲಿ ಆದಿವಾಸಿ ಮಕ್ಕಳೂ ಇದ್ದರು. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು.

ಹಾಗೆಂದು ಪ್ರಯೋಗಗಳೇ ಬೇಡ ಎನ್ನಲಾರೆ. ಇಂದು ನಮ್ಮವರಿಗೆ ಸಿಗುವ ಕ್ಯಾನ್ಸರ್ ಔಷಧವನ್ನೂ ಒಂದು ದಿನ ಯಾರೋ ಮೊದಲಿಗರಾಗಿ ತೆಗೆದುಕೊಂಡಿದ್ದಾರೆ. ನಾನು ಕೇಳುವುದು ಇಷ್ಟೇ: ‘ಬೇಡ’ ಎಂದರೆ ಆ ರೋಗಿಯನ್ನು ನಾಳೆಯೂ ಅದೇ ವೈದ್ಯರು ನೋಡುತ್ತಾರೆಯೇ? ನೋವಿಗೆ ಮಾರ್ಫಿನ್ ಸಿಗುತ್ತದೆಯೇ? ಪ್ರಯೋಗದಿಂದ ಯಾವಾಗ ಬೇಕಾದರೂ ಹೊರಬರುವ ಹಕ್ಕು ಕಾನೂನಿನಲ್ಲಿದೆ. ಆದರೆ ಪ್ರಯೋಗಕ್ಕೆ ಸೇರಿದರೆ ಮಾತ್ರ ಡಾಕ್ಟರ್ ಮುಖ ಕಾಣುವ ಬಡವನಿಗೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ನಿಮ್ಮ ಮನೆಗೆ, ನಿಮ್ಮ ಕೇರಿಗೆ ಅಂಥ ಕಾಗದ ಬಂದರೆ ರೋಗಿಯ ಪಕ್ಕ ಕೂತು, ಅವರ ಮಾತಿನಲ್ಲೇ ಓದಿ ಹೇಳಿ. ಉತ್ತರ ಅವರದೇ ಇರಲಿ. ‘ಬೇಡ’ ಎನ್ನಲು ಸಾಧ್ಯವಿರುವವರ ‘ಆಗಲಿ’ ಮಾತ್ರ ದಾನ.

ಜೈ ಭೀಮ್.