ಕೇಳುವುದಕ್ಕೂ ಅಪ್ಪಣೆ ಬೇಕೆ?

ಠಾಣೆಯಲ್ಲಿ ವಿನಾಕಾರಣ ಏಟು ತಿಂದವನೊಬ್ಬ, ಹೊಡೆದ ಅಧಿಕಾರಿಯಿಂದಲೇ ನಷ್ಟಪರಿಹಾರ ಕೇಳುತ್ತೇನೆಂದು ವಕೀಲರ ಬಳಿ ಹೋಗುತ್ತಾನೆ ಎಂದುಕೊಳ್ಳೋಣ. ಅವರು ಮೊದಲು ತೆಗೆದು ತೋರಿಸಬೇಕಾದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮನ್ನು. ಕರ್ತವ್ಯದ ಹೆಸರಿನಲ್ಲಿ ಅಥವಾ ಕರ್ತವ್ಯವನ್ನು ಮೀರಿ ಪೊಲೀಸರು ಮಾಡಿದ ತಪ್ಪಿನ ಬಗ್ಗೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕ್ರಿಮಿನಲ್ ಮೊಕದ್ದಮೆಯನ್ನಾಗಲಿ ಸಿವಿಲ್ ದಾವೆಯನ್ನಾಗಲಿ ನ್ಯಾಯಾಲಯ ಪುರಸ್ಕರಿಸುವಂತಿಲ್ಲ ಎಂದು ಅದು ಹೇಳುತ್ತದೆ.

‘ಮೀರಿ’ ಎಂಬ ಆ ಒಂದು ಪದದ ಹತ್ತಿರ ನಾನು ಪ್ರತಿಸಲವೂ ನಿಂತುಬಿಡುತ್ತೇನೆ. ಕರ್ತವ್ಯದ ಗೆರೆಯೊಳಗೆ ಇದ್ದವನಿಗೆ ರಕ್ಷಣೆ ಕೊಟ್ಟರೆ ಅರ್ಥವಾಗುತ್ತದೆ. ಗೆರೆ ದಾಟಿದವನಿಗೂ ಏಕೆ? ಇದಕ್ಕೆ ಉತ್ತರವೇ ಇಲ್ಲವೆಂದಲ್ಲ. ಗಲಭೆ ಎದ್ದ ಬೀದಿಯಲ್ಲಿ ಲಾಠಿ ಬೀಸುವಾಗ ಯಾವ ಏಟಿನವರೆಗೆ ಕರ್ತವ್ಯ, ಯಾವ ಏಟಿನಿಂದ ಅತಿರೇಕ ಎಂದು ಅಳೆಯುವುದು ಕಷ್ಟ. ಬೆಂಗಳೂರಿನಿಂದ ಹೋದ ದೇವರಾಜ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸವಾದ ನಂಟಿದ್ದರೆ, ಅತಿಯಾಯಿತು ಎಂಬ ಕಾರಣಕ್ಕಷ್ಟೇ ರಕ್ಷಣೆ ಹೋಗುವುದಿಲ್ಲ, ಹಾಗೆಂದು ಪೊಲೀಸನ ಪ್ರತಿ ಅಪರಾಧಕ್ಕೂ ಈ ಕೊಡೆ ಇಲ್ಲ. ಅದು ಕ್ರಿಮಿನಲ್ ದೂರಿನ ಪ್ರಕರಣ. ಆದರೆ ದಾವೆಗೂ ಇರುವುದು ಅದೇ ಕಲಮು, ಅದೇ ವಾಕ್ಯ.

ಇವೆರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದ್ದೇ ತಪ್ಪೆಂದು ನನ್ನ ವಾದ. ಕ್ರಿಮಿನಲ್ ಮೊಕದ್ದಮೆಯ ಕೊನೆಯಲ್ಲಿ ಜೈಲಿದೆ. ಅದನ್ನು ನಡೆಸುವುದು ಬಹುಪಾಲು ಸರ್ಕಾರವೇ. ಇಲಾಖಾ ವಿಚಾರಣೆ ಇಲಾಖೆಯ ಕೈಯಲ್ಲಿದೆ. ನೊಂದವನು ಎರಡರಲ್ಲೂ ಸಾಕ್ಷಿ ಮಾತ್ರ. ದಾವೆಯಲ್ಲಿ ಅವನು ವಾದಿ. ತನ್ನ ಹೆಸರಿನಲ್ಲಿ, ತನ್ನ ಶುಲ್ಕ ಕಟ್ಟಿ, ‘ನೀನು ಮುರಿದದ್ದನ್ನು ನೀನೇ ಸರಿಮಾಡು’ ಎಂದು ಎದುರಿಗಿರುವವನನ್ನು ಸಮಾನನಾಗಿ ಕೇಳುತ್ತಾನೆ. ಆ ಕೇಳಿಕೆಗೆ ಸರ್ಕಾರದ ಅಪ್ಪಣೆ ಬೇಕೆಂದಾಗ, ತಪ್ಪು ನಡೆಯಿತೇ ಎಂಬ ಪ್ರಶ್ನೆಗೆ ಮೊದಲೇ, ಅದನ್ನು ಕೇಳುವ ಹಕ್ಕು ನಿನಗುಂಟೇ ಎಂಬ ಪ್ರಶ್ನೆ ಬಂದು ಕೂರುತ್ತದೆ. ಅದಕ್ಕೆ ಉತ್ತರ ಕೊಡುವವರು ಆ ಅಧಿಕಾರಿಗೆ ಸಂಬಳ ಕೊಡುವವರೇ.

ಪರಿಹಾರಕ್ಕೆ ಬೇರೆ ದಾರಿ ಇದೆಯಲ್ಲ ಎನ್ನಬಹುದು. ಇದೆ. ಬಿಹಾರದ ರುದುಲ್ ಸಾಹ್ ಪ್ರಕರಣದಲ್ಲಿ, ಖುಲಾಸೆಯಾದ ಮೇಲೂ 14 ವರ್ಷ ಸೆರೆಯಲ್ಲಿ ಕೊಳೆತ ಮನುಷ್ಯನಿಗೆ ಸುಪ್ರೀಂ ಕೋರ್ಟ್ 1983ರಲ್ಲಿ ರಿಟ್ ಅರ್ಜಿಯಲ್ಲೇ ಹಣ ಕೊಡಿಸಿತು. ಒಡಿಶಾದಲ್ಲಿ ಪೊಲೀಸರು ಹಿಡಿದೊಯ್ದ 22ರ ಯುವಕ ಮರುದಿನ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕಾಗ, ಅವನ ತಾಯಿ ನೀಲಾಬತಿ ಬೆಹೆರಾ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ, 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಕೊಡುವಂತೆ ರಾಜ್ಯಕ್ಕೆ ಆದೇಶಿಸಿತು. ಇವು ದೊಡ್ಡ ತೀರ್ಪುಗಳು. ಇವಿಲ್ಲದ ದೇಶವನ್ನು ನಾನು ಬಯಸುವುದಿಲ್ಲ. ಆದರೆ ಹಣ ಬರುವುದು ಬೊಕ್ಕಸದಿಂದ, ಎಂದರೆ ನೊಂದವರೂ ಕಟ್ಟಿದ ತೆರಿಗೆಯಿಂದ. ಕೈ ಎತ್ತಿದವನು ಆ ತಾಯಿಯ ಮುಂದೆ ನಿಂತು ಲೆಕ್ಕ ಒಪ್ಪಿಸುವುದಿಲ್ಲ.

ಬೊಕ್ಕಸದ ಬಾಗಿಲೂ ಸಲೀಸಾಗಿ ತೆರೆದದ್ದಲ್ಲ. ಕಲ್ಕತ್ತೆಯ ಸರ್ಕಾರಿ ಹಡಗುಕಟ್ಟೆಯ ಕೆಲಸಗಾರರ ಅಜಾಗರೂಕತೆಯಿಂದ ಒಂದು ಕಂಪನಿಯ ಗಾಡಿಯ ಕುದುರೆ ಗಾಯಗೊಂಡಿತು; ಇದು ರಾಜ್ಯಾಧಿಕಾರದ ಕೆಲಸವಲ್ಲ ಎಂದು 1861ರ ತೀರ್ಪಿನಲ್ಲಿ ಕಂಪನಿಗೆ ಪರಿಹಾರ ಸಿಕ್ಕಿತು. 1947ರಲ್ಲಿ ಮೀರತ್ ಪೊಲೀಸರು ವ್ಯಾಪಾರಿಯೊಬ್ಬನಿಂದ ವಶಪಡಿಸಿಕೊಂಡ ನೂರು ತೊಲಕ್ಕೂ ಮಿಕ್ಕ ಚಿನ್ನವನ್ನು ಠಾಣೆಯ ಹೆಡ್ ಕಾನ್‌ಸ್ಟೇಬಲ್ ಲಪಟಾಯಿಸಿ ಪಾಕಿಸ್ತಾನಕ್ಕೆ ಓಡಿಹೋದ. ಬಂಧನ, ಜಪ್ತಿ ಇವೆಲ್ಲ ರಾಜ್ಯಾಧಿಕಾರದ ಕೆಲಸ, ಆದ್ದರಿಂದ ಸರ್ಕಾರ ಹೊಣೆಯಲ್ಲ ಎಂದು 1964ರ ಕಸ್ತೂರಿಲಾಲ್ ತೀರ್ಪು ಹೇಳಿತು. ಹೀಗೆ ಹೇಳಬೇಕಾದ ಸ್ಥಿತಿ ಸಮಾಧಾನದ್ದಲ್ಲ, ಶಾಸಕಾಂಗ ಕಾನೂನು ಮಾಡಲಿ ಎಂದು ನ್ಯಾಯಮೂರ್ತಿಗಳೇ ಬರೆದರು. ಆಮೇಲೆ ಸಂಸತ್ತಿಗೆ ಮಸೂದೆ ಬಂತು, ಕಾಯ್ದೆಯಾಗಲಿಲ್ಲ.

ಪೇದೆಯ ಪರವಾದ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೇಲಿನವರ ಹುಕುಂ ಪಾಲಿಸಿ, ಹಬ್ಬ ಹುಣ್ಣಿಮೆಯಲ್ಲೂ ಬಂದೋಬಸ್ತಿಗೆ ನಿಂತವನು, ತಾನು ಹಿಡಿದ ಪ್ರತಿ ಪುಂಡನೂ ಹೂಡುವ ದಾವೆಗೆ ಸಾಲ ಮಾಡಿ ವಕೀಲರನ್ನು ಹಿಡಿಯಬೇಕೆಂದರೆ ಅನ್ಯಾಯವೇ. ಆದರೆ ಈ ಅನ್ಯಾಯಕ್ಕೆ ಮದ್ದು ಬೇರೆ ಇದೆ. ಅವನ ಖರ್ಚನ್ನು ಸರ್ಕಾರ ಭರಿಸಲಿ. ಪ್ರಾಮಾಣಿಕವಾಗಿ ತಪ್ಪಿದ್ದರೆ ಡಿಕ್ರಿ ಹಣವನ್ನೂ ಸರ್ಕಾರವೇ ತುಂಬಲಿ. ಹುರುಳಿಲ್ಲದ ವಾದಪತ್ರವನ್ನು ಆರಂಭದಲ್ಲೇ ತಿರಸ್ಕರಿಸುವ ಅಧಿಕಾರ ಸಿವಿಲ್ ನ್ಯಾಯಾಧೀಶರಿಗೆ ಈಗಲೂ ಇದೆ. ರಕ್ಷಣೆ ಅವನ ಜೇಬಿಗೆ ಬೇಕು. ಪ್ರಶ್ನೆಯಿಂದಲೇ ರಕ್ಷಣೆ ಕೊಟ್ಟರೆ ಅವನನ್ನು ನಾಗರಿಕರ ಸಾಲಿನಿಂದ ಹೊರಗಿಟ್ಟಂತೆ.

ವಿಚಿತ್ರವೆಂದರೆ ಅದೇ 170ನೇ ಕಲಮಿನಲ್ಲಿ ಒಂದು ಒಳ್ಳೆಯ ಮಾತೂ ಇದೆ. ದಾವೆಗೆ ಕನಿಷ್ಠ ಎರಡು ತಿಂಗಳು ಮುಂಚೆ ತಪ್ಪು ಮಾಡಿದನೆನ್ನಲಾದವನಿಗೆ ನೋಟಿಸು ಕೊಡಬೇಕು. ಅವನು ತಪ್ಪು ಸರಿಪಡಿಸಲು ಏನಾದರೂ ಕೊಡಮಾಡಿದ್ದರೆ ಅದನ್ನು ವಾದಪತ್ರದಲ್ಲಿ ಬರೆಯಬೇಕು. ಹೊಡೆದವನಿಗೂ ಹೊಡೆಸಿಕೊಂಡವನಿಗೂ ಎದುರುಬದುರು ಕೂತು ಮಾತಾಡಲು ಕಾನೂನೇ ಅರವತ್ತು ದಿನ ಬಿಟ್ಟುಕೊಟ್ಟಿದೆ. ಅನುಮತಿಯ ಕಡತ ವಿಧಾನಸೌಧದಲ್ಲಿ ಮೇಜಿನಿಂದ ಮೇಜಿಗೆ ಹೋಗುವಾಗ, ನೋಟಿಸು ಪಡೆದ ಅಧಿಕಾರಿಗೆ ಆ ಅರವತ್ತು ದಿನಗಳಲ್ಲಿ ನೊಂದವನ ಮನೆ ಬಾಗಿಲಿಗೆ ಹೋಗಬೇಕೆಂದು ಏಕೆ ಅನ್ನಿಸಬೇಕು?