ಹೈಬ್ರಿಡ್ ಕಾರು ಮತ್ತು ಅಗತ್ಯದ ಮಿತಿ

ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುತ್ತದೆ. ಬ್ರೇಕ್ ಹಾಕಿದಾಗ ಬಿಸಿಯಾಗಿ ಕಳೆದುಹೋಗುತ್ತಿದ್ದ ಶಕ್ತಿಯ ಒಂದು ಪಾಲು ಬ್ಯಾಟರಿ ಸೇರುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ಆರುತ್ತದೆ. ಹಾಗಾಗಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ದಟ್ಟಣೆಯ ಕಡೆ ಉಳಿತಾಯ ಹೆಚ್ಚು. ಸಂತೇಬೆನ್ನೂರಿನಿಂದ ದಾವಣಗೆರೆಗೆ ತೆರವಾದ ದಾರಿಯಲ್ಲಿ ಓಡಾಡುವವರಿಗೆ ಅಷ್ಟು ಲಾಭವಿಲ್ಲ.

ಧರ್ಮದ ಪ್ರಶ್ನೆ ಶುರುವಾಗುವುದು ಈ ಲೆಕ್ಕ ಮುಗಿದ ಮೇಲೆ. ಜೈನ ಶ್ರಾವಕರ ಐದು ಅಣುವ್ರತಗಳಲ್ಲಿ ಒಂದು ಪರಿಗ್ರಹ ಪರಿಮಾಣ: ಗೃಹಸ್ಥ ಆಸ್ತಿಯನ್ನು ತೊರೆಯಬೇಕಿಲ್ಲ, ಅದಕ್ಕೆ ತಾನೇ ಮಿತಿ ಹಾಕಿಕೊಳ್ಳಬೇಕು. 12ನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಇನ್ನೂ ನಿಷ್ಠುರವಾದದ್ದು. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಅಲ್ಲೇ ಸುರಿದು ಬರುವಂತೆ ಆಕೆ ಹಿಂದಕ್ಕೆ ಕಳಿಸಿದಳು. ಅಕ್ಕಿ ಕದ್ದದ್ದಲ್ಲ, ಆದರೂ ಅಗತ್ಯವನ್ನು ಮೀರಿತ್ತು.

ಈ ನಿಲುವಿನಿಂದ ನೋಡಿದರೆ ಇಂಧನ ಉಳಿಸುತ್ತದೆ ಎಂಬ ಒಂದೇ ಕಾರಣ ಕಾರಿನ ಖರೀದಿಯನ್ನು ಸಮರ್ಥಿಸದು. ಒಬ್ಬರೇ ಕೂತು ಹೋದರೆ ಹೈಬ್ರಿಡ್ ಕೂಡ ಬೇರೆ ಕಾರಿನಷ್ಟೇ ರಸ್ತೆ ಹಿಡಿಯುತ್ತದೆ, ಹಿಂದಿನ ಬಸ್ಸನ್ನೂ ಅಷ್ಟೇ ತಡೆಯುತ್ತದೆ. ಇಂಧನದ ಮಿತವ್ಯಯವೇ ಅದರ ಬಳಕೆಯನ್ನು ಏರಿಸಬಹುದೆಂದು ಕಲ್ಲಿದ್ದಲಿನ ವಿಷಯದಲ್ಲಿ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ವಾದಿಸಿದ್ದರು. ಮೆಟ್ರೊ, ಬಸ್ಸು ಕೈಗೆಟಕುವವರು ಕಾರು ಕೊಳ್ಳದಿರುವುದೇ ಸರಿ. ನಡೆಯಲಾರದ ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವರಿಗೆ, ಬಸ್ಸಿಲ್ಲದ ಹೊತ್ತಿನ ಪಾಳಿಯವರಿಗೆ ಕಾರು ಅಗತ್ಯದೊಳಗಿನದೇ. ಅವರಿಗೆ ಹೈಬ್ರಿಡ್ ಮೇಲು. ಖಾಲಿ ಸೀಟುಗಳನ್ನು ಅದೇ ದಾರಿಯ ಸಹೋದ್ಯೋಗಿಗಳೊಂದಿಗೆ ಹಂಚಿಕೊಂಡರೆ ಅದು ದಾಸೋಹಕ್ಕೂ ಹತ್ತಿರವಾಗುತ್ತದೆ.